ಮನೆಯ ದೂರವಾಣಿಯ ಖರ್ಚು: ಅಗ್ಗವೆಂದರೆ ಯಾವುದು?

ಮನೆಯಲ್ಲಿ ದೂರವಾಣಿ ಇರುವುದು ಒಂದು ಕಾಲಕ್ಕೆ ಸಿರಿವಂತಿಕೆಯ ಕುರುಹಾಗಿತ್ತು. ಅರ್ಜಿ ಹಾಕಿ, ಠೇವಣಿ ಕಟ್ಟಿ, ಸರದಿ ಬರಲೆಂದು ವರ್ಷಗಟ್ಟಲೆ ಕಾಯುವುದು ಇಡೀ ದೇಶಕ್ಕೇ ರೂಢಿಯಾಗಿದ್ದ ಕಾಲವದು. ರಾಯಚೂರಿಗೆ 08532, ದೇವದುರ್ಗಕ್ಕೆ 08531, ಮಾನ್ವಿಗೆ 08538 ಎಂಬ ಸಂಕೇತ ಸಂಖ್ಯೆಗಳನ್ನು ನೆನಪಿನಲ್ಲಿಟ್ಟುಕೊಂಡು, ರಾತ್ರಿ ದರ ಇಳಿಯುವ ಹೊತ್ತಿಗೆ ಎಸ್‌ಟಿಡಿ ಬೂತಿನ ಮುಂದೆ ಸಾಲು ನಿಂತು, ಮೀಟರಿನ ಮೇಲೆ ಕಣ್ಣಿಟ್ಟು ಮಗಳ ಯೋಗಕ್ಷೇಮವನ್ನು ಎರಡೇ ಮಾತಿನಲ್ಲಿ ಕೇಳಿ ಮುಗಿಸುತ್ತಿದ್ದ ತಂದೆತಾಯಿಗಳು ನಮ್ಮಲ್ಲಿ ಇಂದಿಗೂ ಇದ್ದಾರೆ.

ಈಗ ಕಾಯುವ ಕಷ್ಟ ತಪ್ಪಿದೆ. ಆರಿಸುವ ಕಷ್ಟ ಬಂದಿದೆ. ದಿನಪತ್ರಿಕೆಯೊಳಗೆ ಮಡಿಸಿಟ್ಟು ಬರುವ ಕರಪತ್ರ ಒಂದು ದರ ಹೇಳುತ್ತದೆ, ಕೇಬಲ್ಲಿನವರು ಇನ್ನೊಂದು ಹೇಳುತ್ತಾರೆ, ಅಂಗಡಿಯವರು ಮತ್ತೊಂದು ಹೇಳುತ್ತಾರೆ. ತಿಂಗಳ ಸಂಬಳದಲ್ಲಿಯೋ ಸುಗ್ಗಿಯ ಹಣದಲ್ಲಿಯೋ ಸಂಸಾರ ತೂಗಿಸುವ ಗೃಹಸ್ಥರಿಗೆ ಯಾವುದು ನಿಜವಾಗಿ ಅಗ್ಗವೆಂದು ತಿಳಿಯುವುದಿಲ್ಲ. ಇಂಥದೇ ಕಂಪನಿಯನ್ನು ಹಿಡಿಯಿರಿ ಎಂದು ಹೇಳುವುದು ಈ ಬರಹದ ಉದ್ದೇಶವಲ್ಲ. ಲೆಕ್ಕ ಹಾಕುವ ಕ್ರಮವನ್ನು ಬಂಧುಗಳ ಮುಂದಿಡಬೇಕೆಂಬುದಷ್ಟೇ ನಮ್ಮ ಆಶಯ.

ಇದು ಕೇವಲ ಮನರಂಜನೆಯ ಮಾತಾಗಿ ಉಳಿದಿಲ್ಲ. 2020 ಮತ್ತು 2021ರ ಕೊರೊನಾ ದಿನಗಳಲ್ಲಿ ಶಾಲೆಗಳು ಮುಚ್ಚಿದಾಗ, ಒಂದೇ ಮೊಬೈಲನ್ನು ಇಬ್ಬರು ಮೂವರು ಮಕ್ಕಳು ಹಂಚಿಕೊಂಡು ಪಾಠ ಕೇಳಬೇಕಾಯಿತು. ವಿದ್ಯಾರ್ಥಿವೇತನದ ಅರ್ಜಿ, ವೃತ್ತಿಶಿಕ್ಷಣದ ಪ್ರವೇಶ, 371(ಜೆ) ವಿಧಿಯ ಅಡಿಯಲ್ಲಿ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ದೊರೆತಿರುವ ಮೀಸಲಾತಿಯ ಲಾಭ, ಇವೆಲ್ಲಕ್ಕೂ ಇಂದು ಅಂತರಜಾಲವೇ ಬಾಗಿಲು. ಬಾಗಿಲು ತೆರೆದಿರಬೇಕು, ಅದಕ್ಕಾಗಿ ಮನೆಯ ಬೊಕ್ಕಸ ಬರಿದಾಗಲೂಬಾರದು.

ನಡೆದು ಬಂದ ದಾರಿ

ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಅಂತರಜಾಲ ದೊರೆತದ್ದು 1995ರ ಆಗಸ್ಟ್ 15ರಂದು. ದೂರವಾಣಿ ಇಲಾಖೆಯ ಸೇವೆಗಳನ್ನು ವಹಿಸಿಕೊಂಡು ಭಾರತ್ ಸಂಚಾರ್ ನಿಗಮ, ಅಂದರೆ ಬಿಎಸ್‌ಎನ್‌ಎಲ್, ಆರಂಭವಾದದ್ದು 2000ದ ಅಕ್ಟೋಬರ್ 1ರಂದು. 2004ರ ನೀತಿಯಲ್ಲಿ ಸೆಕೆಂಡಿಗೆ 256 ಕಿಲೋಬಿಟ್ ವೇಗವಿದ್ದರೆ ಅದನ್ನು ಬ್ರಾಡ್‌ಬ್ಯಾಂಡ್ ಎಂದು ಕರೆದರು. 2013ರಲ್ಲಿ ಆ ಮಿತಿಯನ್ನು 512 ಕಿಲೋಬಿಟ್‌ಗೂ, 2023ರ ಜನವರಿಯಲ್ಲಿ 2 ಮೆಗಾಬಿಟ್‌ಗೂ ಏರಿಸಲಾಯಿತು. ಹಳೆಯ ತಾಮ್ರದ ತಂತಿಯ ಬದಲು ಬೆಳಕಿನ ಮೂಲಕ ಸಂದೇಶ ಒಯ್ಯುವ ಗಾಜಿನ ಎಳೆ, ಅಂದರೆ ಫೈಬರ್, ಮನೆಯವರೆಗೆ ಬಂದ ಮೇಲೆ ವೇಗ ಹೆಚ್ಚಿತು, ಪೈಪೋಟಿಯೂ ಹೆಚ್ಚಿತು. 2020ರ ಸೆಪ್ಟೆಂಬರ್‌ನಲ್ಲಿ ಜಿಯೋ ಸಂಸ್ಥೆ 30 ಮೆಗಾಬಿಟ್ ವೇಗದ ಯೋಜನೆಯನ್ನು ತಿಂಗಳಿಗೆ 399 ರೂಪಾಯಿಗೂ, ಏರ್‌ಟೆಲ್ ಸಂಸ್ಥೆ 40 ಮೆಗಾಬಿಟ್ ವೇಗದ್ದನ್ನು 499 ರೂಪಾಯಿಗೂ ತಂದವು. ಮರುತಿಂಗಳೇ ಬಿಎಸ್‌ಎನ್‌ಎಲ್ 449 ರೂಪಾಯಿಯ ಯೋಜನೆಯೊಂದನ್ನು ಘೋಷಿಸಿತು. ದರಗಳು ಆಗಾಗ ಬದಲಾಗುತ್ತವೆ. ಆದರೆ ಲೆಕ್ಕದ ಕ್ರಮ ಬದಲಾಗುವುದಿಲ್ಲ.

ಕಾಗದದ ದರ, ಕೈಯಿಂದ ಹೋಗುವ ಹಣ

ಮೊದಲನೆಯ ಮಾತು ತೆರಿಗೆಯದು. ಮೊಬೈಲಿಗೆ ಮುಂಗಡ ರೀಚಾರ್ಜ್ ಮಾಡಿಸುವಾಗ ಹೇಳುವ ದರದಲ್ಲಿ ತೆರಿಗೆ ಸೇರಿರುತ್ತದೆ. ಮನೆಯ ಬ್ರಾಡ್‌ಬ್ಯಾಂಡಿನ ಕರಪತ್ರದಲ್ಲಿರುವ ದರಕ್ಕೆ ಸಾಮಾನ್ಯವಾಗಿ ಶೇ. 18ರ ಜಿಎಸ್‌ಟಿ ಬೇರೆ ಸೇರುತ್ತದೆ. 399 ರೂಪಾಯಿಯ ಯೋಜನೆ ಕೈಗೆ ಬರುವ ಹೊತ್ತಿಗೆ 471 ರೂಪಾಯಿ. 499 ರೂಪಾಯಿಯದು 589.

ಎರಡನೆಯದು ಅಳವಡಿಕೆ ಮತ್ತು ಠೇವಣಿ. 2019ರಲ್ಲಿ ಜಿಯೋ ತನ್ನ ಫೈಬರ್ ಸೇವೆ ಆರಂಭಿಸಿದಾಗ ಗ್ರಾಹಕರಿಂದ 2,500 ರೂಪಾಯಿ ಪಡೆಯುತ್ತಿತ್ತು. ಅದರಲ್ಲಿ 1,500 ಹಿಂದಿರುಗಿಸುವ ಠೇವಣಿ, 1,000 ಹಿಂದಿರುಗಿಸದ ಅಳವಡಿಕೆ ವೆಚ್ಚ. ಯಾವ ಕಂಪನಿಯೇ ಬರಲಿ, ಈ ಎರಡನ್ನೂ ಬೇರೆ ಬೇರೆಯಾಗಿ ಕೇಳಿ ತಿಳಿದುಕೊಳ್ಳಬೇಕು. ಆರು ತಿಂಗಳ ಅಥವಾ ವರ್ಷದ ಹಣವನ್ನು ಒಟ್ಟಿಗೆ ಕಟ್ಟಿದರೆ ಅಳವಡಿಕೆ ವೆಚ್ಚ ಬಿಡುವ ಪದ್ಧತಿಯೂ ಉಂಟು. ನಿಮ್ಮ ಓಣಿಯಲ್ಲಿ ಆ ಸೇವೆ ಸರಿಯಾಗಿ ನಡೆಯುತ್ತಿದೆಯೆಂದು ಖಚಿತವಾಗುವವರೆಗೆ ವರ್ಷದ ಹಣವನ್ನು ಒಂದೇ ಬಾರಿಗೆ ಕಟ್ಟದಿರುವುದು ಲೇಸು.

ಮೂರನೆಯದು ತಿಂಗಳ ಲೆಕ್ಕ. ಮೊಬೈಲಿನ 28 ದಿನಗಳ ರೀಚಾರ್ಜ್ ತಿಂಗಳಿಗೊಂದರಂತೆ ಕಂಡರೂ ವರ್ಷಕ್ಕೆ ಹದಿಮೂರು ಬಾರಿ ಬರುತ್ತದೆ. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2022ರ ಜನವರಿಯಲ್ಲಿ ಆದೇಶ ಹೊರಡಿಸಿ, 30 ದಿನಗಳ ಅವಧಿಯ ಒಂದು ಯೋಜನೆಯನ್ನಾದರೂ ಪ್ರತಿ ಕಂಪನಿ ಇಡಬೇಕೆಂದು ವಿಧಿಸಿತು. ಕೇಳಿದವರಿಗೆ ಮಾತ್ರ ಅದು ಸಿಗುತ್ತದೆ.

ಒಂದು ಮನೆಯ ಲೆಕ್ಕ

ಮಾನ್ವಿಯಲ್ಲಿ ನಾಲ್ಕು ಮೊಬೈಲುಗಳಿರುವ ಒಂದು ಕುಟುಂಬವನ್ನು ಲೆಕ್ಕಕ್ಕಾಗಿ ಊಹಿಸಿಕೊಳ್ಳೋಣ. ಅಜ್ಜ, ಅಜ್ಜಿ, ತಾಯಿ ಹೆಚ್ಚಾಗಿ ಮನೆಯಲ್ಲಿರುವವರು. ತಂದೆ ಹೊರಗೆ ದುಡಿಯುವವರು. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳು ದರ ಏರಿಸಿದಾಗ ಜಿಯೋದ 28 ದಿನಗಳ, ದಿನಕ್ಕೆ ಒಂದೂವರೆ ಜಿಬಿಯ ಯೋಜನೆ 239ರಿಂದ 299 ರೂಪಾಯಿಗೆ ಏರಿತು. ಆ ದರದಲ್ಲಿ ಒಂದು ಮೊಬೈಲಿಗೆ ವರ್ಷಕ್ಕೆ 3,887 ರೂಪಾಯಿ; ನಾಲ್ಕಕ್ಕೆ 15,548 ರೂಪಾಯಿ.

ಇದೇ ಮನೆಗೆ 471 ರೂಪಾಯಿಯ ಬ್ರಾಡ್‌ಬ್ಯಾಂಡನ್ನೂ ಹಾಕಿಸಿದರೆ ವರ್ಷಕ್ಕೆ ಇನ್ನೂ 5,650 ರೂಪಾಯಿ. ಮೊಬೈಲುಗಳ ಖರ್ಚನ್ನು ಹಾಗೆಯೇ ಬಿಟ್ಟರೆ ಒಟ್ಟು 21,000 ರೂಪಾಯಿ ದಾಟುತ್ತದೆ. ಅನೇಕ ಮನೆಗಳಲ್ಲಿ ಹೀಗೆಯೇ ನಡೆಯುತ್ತದೆ: ವೈಫೈ ಬಂದ ಮೇಲೂ ಹಳೆಯ ರೀಚಾರ್ಜುಗಳು ಅಭ್ಯಾಸಬಲದಿಂದ ಮುಂದುವರಿಯುತ್ತವೆ.

ಇಲ್ಲಿ ಒಂದು ಉಪಾಯವಿದೆ. ಅಂತರಜಾಲ ಬೇಡದವರಿಗೆ ಮಾತು ಮತ್ತು ಸಂದೇಶದ ಯೋಜನೆಯನ್ನಷ್ಟೇ ಬೇರೆಯಾಗಿ ಕೊಡಬೇಕೆಂದು ಟ್ರಾಯ್ 2024ರ ಡಿಸೆಂಬರ್‌ನಲ್ಲಿ ನಿಯಮ ಮಾಡಿತು. ಅದರಂತೆ 2025ರ ಜನವರಿಯಲ್ಲಿ ಏರ್‌ಟೆಲ್ 365 ದಿನಗಳ ಮಾತಿನ ಯೋಜನೆಯನ್ನು 1,849 ರೂಪಾಯಿಗೂ, ಜಿಯೋ 336 ದಿನಗಳದ್ದನ್ನು 1,748 ರೂಪಾಯಿಗೂ ತಂದವು. ಮನೆಯಲ್ಲಿರುವ ಮೂವರ ಮೊಬೈಲುಗಳನ್ನು 1,849 ರೂಪಾಯಿಯ ಯೋಜನೆಗೆ ಬದಲಿಸಿದರೆ 5,547; ತಂದೆಯದು 3,887; ಬ್ರಾಡ್‌ಬ್ಯಾಂಡಿಗೆ 5,650; ಒಟ್ಟು 15,084 ರೂಪಾಯಿ. ಮೊದಲಿಗಿಂತ 464 ರೂಪಾಯಿ ಕಡಿಮೆ, ಮಕ್ಕಳ ಓದಿಗೆ ಮನೆಯಲ್ಲಿ ಧಾರಾಳವಾದ ಅಂತರಜಾಲ. ಇಬ್ಬರದನ್ನು ಮಾತ್ರ ಬದಲಿಸಿದರೆ ಒಟ್ಟು 17,122. ಮೊದಲಿಗಿಂತ 1,574 ರೂಪಾಯಿ ಹೆಚ್ಚು. ಅಳವಡಿಕೆಗೆ ಸಾವಿರ ರೂಪಾಯಿ ಕೊಟ್ಟರೆ ಮೊದಲ ವರ್ಷದ ಉಳಿತಾಯ ಅಲ್ಲಿಗೇ ಕರಗುತ್ತದೆ.

ಇದರ ಸಾರವಿಷ್ಟು: ಬ್ರಾಡ್‌ಬ್ಯಾಂಡ್ ತಾನಾಗಿ ಅಗ್ಗವೂ ಅಲ್ಲ, ದುಬಾರಿಯೂ ಅಲ್ಲ. ಅದು ಬಂದ ಮೇಲೆ ಯಾವ ಖರ್ಚನ್ನು ನಿಲ್ಲಿಸುತ್ತೇವೆ ಎಂಬುದರ ಮೇಲೆ ಅದರ ಬೆಲೆ ನಿಂತಿದೆ. ಹೊಲಕ್ಕೆ, ಸಂತೆಗೆ, ಎಪಿಎಂಸಿಗೆ ಹೋಗಿ ಅಲ್ಲಿಯೇ ಮೊಬೈಲಿನಿಂದ ಹಣ ಪಾವತಿಸುವವರಿಗೆ ಮಾತಿನ ಯೋಜನೆ ಹೊಂದುವುದಿಲ್ಲ. ಮನೆಯವರೆಲ್ಲ ದಿನವಿಡೀ ಹೊರಗಿರುವುದಾದರೆ ಬ್ರಾಡ್‌ಬ್ಯಾಂಡ್ ಹಾಕಿಸದಿರುವುದೇ ಉಳಿತಾಯ.

ನಗರದ ಆಯ್ಕೆ, ತಾಲ್ಲೂಕಿನ ಆಯ್ಕೆ

ರಾಯಚೂರು ನಗರದಲ್ಲಿರುವವರಿಗೆ ಆಯ್ಕೆ ಹೆಚ್ಚು. ಪೈಪೋಟಿ ಇರುವಲ್ಲಿ ಅಳವಡಿಕೆ ವೆಚ್ಚ ಬಿಡಿ, ಒಂದು ತಿಂಗಳು ಹೆಚ್ಚುವರಿಯಾಗಿ ಕೊಡಿ ಎಂದು ಕೇಳಲು ಗ್ರಾಹಕರಿಗೆ ಧೈರ್ಯವಿರುತ್ತದೆ. ದೇವದುರ್ಗ, ಮಾನ್ವಿಗಳಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಇರುವವರು ಮೊದಲು ನೋಡಬೇಕಾದದ್ದು ದರವನ್ನಲ್ಲ, ತಮ್ಮ ಓಣಿಯ ಕಂಬಕ್ಕೆ ಯಾರ ಎಳೆ ಬಂದಿದೆ ಎಂಬುದನ್ನು. ಅದೇ ಓಣಿಯಲ್ಲಿ ಈಗಾಗಲೇ ಸಂಪರ್ಕ ಪಡೆದ ಎರಡು ಮೂರು ಮನೆಗಳಲ್ಲಿ ವಿಚಾರಿಸಬೇಕು: ತಿಂಗಳಿಗೆ ಎಷ್ಟು ಬಾರಿ ಕೆಡುತ್ತದೆ? ಕೆಟ್ಟರೆ ಎಷ್ಟು ದಿನಕ್ಕೆ ಬರುತ್ತಾರೆ? ಸಂಜೆಯ ಹೊತ್ತು ವೇಗ ಹೇಗಿರುತ್ತದೆ? ಈ ಮೂರು ಪ್ರಶ್ನೆಗಳಿಗೆ ಸಿಗುವ ಉತ್ತರ ಯಾವ ಕರಪತ್ರದಲ್ಲಿಯೂ ಸಿಗದು. ನಾಲ್ಕು ದಿನ ಕೆಟ್ಟು ನಿಂತ ಅಗ್ಗದ ಸಂಪರ್ಕಕ್ಕಿಂತ ಐವತ್ತು ರೂಪಾಯಿ ಹೆಚ್ಚಿನ, ಕರೆದೊಡನೆ ಬಂದು ಸರಿಪಡಿಸುವವರ ಸಂಪರ್ಕವೇ ಅಗ್ಗ.

ಬಿಎಸ್‌ಎನ್‌ಎಲ್ ತನ್ನ ಫೈಬರ್ ಸೇವೆಯನ್ನು ಅನೇಕ ಕಡೆ ಸ್ಥಳೀಯ ಕೇಬಲ್ ನಡೆಸುವವರ ಸಹಭಾಗಿತ್ವದಲ್ಲಿ ಮನೆಗೆ ಮುಟ್ಟಿಸುತ್ತದೆ. ಇಂಥಲ್ಲಿ ಹಣ ಕಟ್ಟಿದ್ದಕ್ಕೆ ಸಂಸ್ಥೆಯ ಹೆಸರಿನಲ್ಲಿಯೇ ಬಿಲ್ಲು ಪಡೆಯಬೇಕು. ಬರಿಯ ಚೀಟಿಯಲ್ಲಿ ಬರೆದುಕೊಟ್ಟ ಲೆಕ್ಕವನ್ನು ಒಪ್ಪಬಾರದು. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಒಯ್ಯುವ ಕೇಂದ್ರದ ಯೋಜನೆಗೆ 2011ರಲ್ಲಿ ಒಪ್ಪಿಗೆ ದೊರೆತು, ಮುಂದೆ ಅದಕ್ಕೆ ಭಾರತ್‌ನೆಟ್ ಎಂದು ಹೆಸರಾಯಿತು. 2023ರ ಆಗಸ್ಟ್‌ನಲ್ಲಿ ಅದರ ಪರಿಷ್ಕೃತ ರೂಪಕ್ಕೆ 1,39,579 ಕೋಟಿ ರೂಪಾಯಿಯ ಮಂಜೂರಾತಿ ದೊರೆಯಿತು. ಹಳ್ಳಿಯ ಬಂಧುಗಳು ತಮ್ಮ ಪಂಚಾಯಿತಿಯಲ್ಲಿ ಇದರ ಸಂಪರ್ಕ ಮನೆಗೂ ಸಿಗುವುದೇ ಎಂದು ವಿಚಾರಿಸಬಹುದು.

ಎಳೆ ಮುಟ್ಟದ ಕಡೆ ಗೋಪುರದ ಅಲೆಗಳನ್ನು ಹಿಡಿದು ಮನೆಯೊಳಗೆ ವೈಫೈ ಕೊಡುವ ಏರ್‌ಫೈಬರ್ ಎಂಬ ವ್ಯವಸ್ಥೆ 2023ರಿಂದ ಬಂದಿದೆ. ಜಿಯೋ ಅದನ್ನು ಆರಂಭಿಸಿದಾಗ ಕನಿಷ್ಠ ದರ 599 ರೂಪಾಯಿ, ತೆರಿಗೆ ಸೇರಿ 707. ಇದಕ್ಕೂ 471ರ ಫೈಬರಿಗೂ ವರ್ಷಕ್ಕೆ 2,832 ರೂಪಾಯಿ ಅಂತರ. ಓಣಿಯಲ್ಲಿ ಫೈಬರ್ ಇದ್ದರೆ ಅದನ್ನೇ ಮೊದಲು ನೋಡುವುದು ಸರಿ.

ವೇಗ ಎಷ್ಟು ಬೇಕು?

ನೂರು, ಮುನ್ನೂರು ಮೆಗಾಬಿಟ್ ಎಂಬ ಮಾತಿಗೆ ಮರುಳಾಗಬೇಕಾಗಿಲ್ಲ. ಸ್ಪಷ್ಟವಾದ ಚಲನಚಿತ್ರವೊಂದನ್ನು ನೋಡಲು ಸುಮಾರು 5 ಮೆಗಾಬಿಟ್ ಸಾಕು. ಮುಖ ನೋಡಿ ಮಾತನಾಡಲು ಅದಕ್ಕಿಂತಲೂ ಕಡಿಮೆ. ನಾಲ್ಕೈದು ಜನರ ಮನೆಗೆ 30 ಮೆಗಾಬಿಟ್ ಸಾಲುತ್ತದೆ. ಮಿತಿಯಿಲ್ಲ ಎಂದು ಹೇಳುವ ಯೋಜನೆಗಳಿಗೂ ತಿಂಗಳಿಗೆ 3,300 ಜಿಬಿಯಂಥ ಒಂದು ಗಡಿ ಇರುತ್ತದೆ. ಅದು ದಿನಕ್ಕೆ 110 ಜಿಬಿ ಆಗುವುದರಿಂದ ಸಾಮಾನ್ಯ ಕುಟುಂಬ ಆ ಗಡಿಯನ್ನು ಮುಟ್ಟುವುದಿಲ್ಲ. ಚಲನಚಿತ್ರಗಳ ಚಂದಾ ಸೇರಿಸಿ ದರ ಏರಿಸಿದ ಯೋಜನೆಗಳನ್ನು, ಆ ಚಂದಾ ನಿಮಗೆ ನಿಜವಾಗಿ ಬೇಕೇ ಎಂದು ಕೇಳಿಕೊಂಡ ಮೇಲೆಯೇ ಪರಿಶೀಲಿಸಬೇಕು.

ಹಿರಿಯರಿಗಾಗಿ ಮನೆಯ ದೂರವಾಣಿ

ಮೊಬೈಲಿನ ಸಣ್ಣ ಅಕ್ಷರ ಕಾಣದ ಹಿರಿಯರಿಗೆ ಮೇಜಿನ ಮೇಲಿನ ದೂರವಾಣಿಯೇ ಹಿತ. ಫೈಬರ್ ಯೋಜನೆಗಳ ಜೊತೆ ಮಾತಿನ ಸೌಲಭ್ಯ ಸಾಮಾನ್ಯವಾಗಿ ಸೇರಿಯೇ ಬರುತ್ತದೆ. ದೂರವಾಣಿ ಉಪಕರಣವನ್ನು ಮಾತ್ರ ಕೊಳ್ಳಬೇಕಾದೀತು. ಇಲ್ಲಿ ಮೂರು ಸಂಗತಿಗಳನ್ನು ನೆನಪಿಡಬೇಕು. ಮೊಬೈಲ್ ಸಂಖ್ಯೆಯನ್ನು ಇನ್ನೊಂದು ಕಂಪನಿಗೆ ಒಯ್ಯುವಂತೆ ಮನೆಯ ದೂರವಾಣಿಯ ಸಂಖ್ಯೆಯನ್ನು ಒಯ್ಯಲಾಗದು. ಆದುದರಿಂದ ಹಳೆಯ ಬಿಎಸ್‌ಎನ್‌ಎಲ್ ಸಂಖ್ಯೆ ಬೇಕೆನ್ನುವವರು ಅದನ್ನು ಮುಚ್ಚಿಸುವ ಮೊದಲು, ಅದೇ ಸಂಖ್ಯೆಯನ್ನು ಫೈಬರಿಗೆ ಬದಲಿಸಿಕೊಡುವರೇ ಎಂದು ಕಚೇರಿಯಲ್ಲಿ ಕೇಳಬೇಕು. ಎರಡನೆಯದಾಗಿ, 2021ರ ಜನವರಿ 15ರಿಂದ ಮನೆಯ ದೂರವಾಣಿಯಿಂದ ಮೊಬೈಲಿಗೆ ಕರೆ ಮಾಡುವಾಗ ಮೊದಲು ಸೊನ್ನೆ ಒತ್ತಬೇಕು. ಮೂರನೆಯದಾಗಿ, ಹಳೆಯ ತಾಮ್ರದ ತಂತಿಗೆ ವಿದ್ಯುತ್ತು ದೂರವಾಣಿ ಕೇಂದ್ರದಿಂದಲೇ ಬರುತ್ತಿತ್ತು. ಮನೆಯಲ್ಲಿ ಕರೆಂಟು ಹೋದರೂ ಮಾತು ನಿಲ್ಲುತ್ತಿರಲಿಲ್ಲ. ಫೈಬರಿನ ಪೆಟ್ಟಿಗೆಗೆ ಮನೆಯ ವಿದ್ಯುತ್ತೇ ಬೇಕು. ವಯಸ್ಸಾದವರಷ್ಟೇ ಇರುವ ಮನೆಯಲ್ಲಿ ಆ ಪೆಟ್ಟಿಗೆಯನ್ನು ಇನ್ವರ್ಟರಿಗೆ ಜೋಡಿಸುವುದೋ ಒಂದು ಚಿಕ್ಕ ಬ್ಯಾಟರಿ ಇಡುವುದೋ ಅವಶ್ಯ. ಅದರ ವೆಚ್ಚವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ತಕರಾರು ಬಂದರೆ

ದೂರನ್ನು ಬಾಯಿಮಾತಿನಲ್ಲಿ ಬಿಡಬಾರದು. ಕಂಪನಿಯ ದೂರು ಕೇಂದ್ರಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆದು ಬರೆದಿಟ್ಟುಕೊಳ್ಳಬೇಕು. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನಗಳೊಳಗೆ ಮನವಿ ಸಲ್ಲಿಸಬಹುದು. 2012ರ ಟ್ರಾಯ್ ನಿಯಮದಂತೆ ಅದನ್ನು 39 ದಿನಗಳಲ್ಲಿ ತೀರ್ಮಾನಿಸಬೇಕು. ದೂರವಾಣಿಯ ತಕರಾರನ್ನು ಗ್ರಾಹಕರ ಆಯೋಗಕ್ಕೂ ಒಯ್ಯಬಹುದೆಂದು ಸುಪ್ರೀಂ ಕೋರ್ಟು 2022ರ ಫೆಬ್ರವರಿಯಲ್ಲಿ ತೀರ್ಪಿತ್ತಿದೆ. ಸೇವೆಗೆ ಕೊಟ್ಟ ಹಣ ಐದು ಲಕ್ಷ ರೂಪಾಯಿಯೊಳಗಿದ್ದರೆ ಜಿಲ್ಲಾ ಆಯೋಗದಲ್ಲಿ ಶುಲ್ಕವಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಠೇವಣಿಯ ರಸೀತಿ, ಬಿಲ್ಲುಗಳು, ಪೆಟ್ಟಿಗೆಯನ್ನು ಹಿಂದಿರುಗಿಸಿದ ಪಾವತಿ, ಇವೆಲ್ಲ ಮನೆಯ ಕಾಗದಪತ್ರಗಳೊಡನೆ ಇರಲಿ.

ಬಂಧುಗಳೇ, ಕಾಯಕದಿಂದ ಬಂದ ಹಣಕ್ಕೆ ಲೆಕ್ಕವಿಡುವುದು ಜಿಪುಣತನವಲ್ಲ. ಮುಂದಿನ ರೀಚಾರ್ಜಿನ ದಿನ ಬರುವ ಮೊದಲು, ಒಂದು ಸಂಜೆ ಮನೆಮಂದಿಯೆಲ್ಲ ಕುಳಿತು ಒಂದು ಹಾಳೆಯಲ್ಲಿ ಎರಡು ಸಾಲು ಎಳೆಯಿರಿ. ಎಡಕ್ಕೆ ಈಗ ವರ್ಷಕ್ಕೆ ಕೊಡುತ್ತಿರುವ ಹಣ, ಬಲಕ್ಕೆ ಬದಲಿಸಿದರೆ ಕೊಡಬೇಕಾಗುವ ಹಣ. ಲೆಕ್ಕ ಬರೆಯುವ ಕೆಲಸವನ್ನು ಓದುವ ಮಕ್ಕಳಿಗೆ ಒಪ್ಪಿಸಿರಿ. ಓಣಿಯಲ್ಲಿ ಒಬ್ಬಂಟಿಯಾಗಿರುವ ಹಿರಿಯರಿದ್ದರೆ ಅವರ ಮನೆಯ ಲೆಕ್ಕವನ್ನೂ ಅದೇ ಹಾಳೆಯ ಹಿಂಬದಿಯಲ್ಲಿ ಬರೆದುಕೊಡಲಿ.