ನಿಮಗಿದು ಗೊತ್ತೇ? ಕಾರ್ಕ್ ಬೋರ್ಡಿಗೊಂದು ಬಣ್ಣದ ಹೊದಿಕೆ

ಕಾರ್ಕ್ ಬೋರ್ಡಿಗೆ ಕೈಯಾರೆ ಚಿತ್ರ ಬಿಡಿಸಿದ ಬಟ್ಟೆ ಹೊದಿಸಿದರೆ, ಚೀಟಿ ಚುಚ್ಚುವ ಹಲಗೆಯೇ ಗೋಡೆಗೆ ಅಲಂಕಾರ. ಬಳಸುವ ವಸ್ತುಗಳ ಗುಣ ಅರಿತವರಿಗೆ ಅರ್ಧ ಕೆಲಸ ಆದಂತೆಯೇ.

● ಕಾರ್ಕ್ ಎಂದರೆ ಓಕ್ ಜಾತಿಯ ಒಂದು ಮರದ ತೊಗಟೆ. ಮರ ಕಡಿಯದೆ ತೊಗಟೆಯನ್ನಷ್ಟೇ ಸುಲಿಯುತ್ತಾರೆ, ಅದು ಮತ್ತೆ ಬೆಳೆಯುತ್ತದೆ. ಜಗತ್ತಿನ ಕಾರ್ಕಿನಲ್ಲಿ ಸುಮಾರು ಅರ್ಧದಷ್ಟು ಪೋರ್ಚುಗಲ್ಲಿನದು.

● ಮೊದಲ ಸುಲಿತಕ್ಕೆ ಮರಕ್ಕೆ ಸುಮಾರು 25 ವರ್ಷ ತುಂಬಬೇಕು. ಆಮೇಲೆ ಪೋರ್ಚುಗಲ್ಲಿನಲ್ಲಿ ಕನಿಷ್ಠ 9 ವರ್ಷ ಮುಟ್ಟುವಂತಿಲ್ಲ. ಲೆಕ್ಕ ತಪ್ಪದಿರಲಿ ಎಂದು ಸುಲಿದ ವರ್ಷದ ಕೊನೆಯ ಅಂಕಿಯನ್ನು ಕಾಂಡದ ಮೇಲೆ ಬರೆದಿಡುತ್ತಾರೆ: 2024 ಆದರೆ 4.

● 1665ರಲ್ಲಿ ವಿಜ್ಞಾನಿ ರಾಬರ್ಟ್ ಹುಕ್ ಸೂಕ್ಷ್ಮದರ್ಶಕದಲ್ಲಿ ಕಾರ್ಕಿನ ತೆಳು ಚೂರು ಇಟ್ಟು ನೋಡಿದಾಗ ಪುಟ್ಟ ಪುಟ್ಟ ಗೂಡುಗಳು ಕಂಡವು. ಗಾಳಿ ತುಂಬಿದ ಆ ಗೂಡುಗಳೇ ಪಿನ್ನನ್ನು ಬಿಗಿಯಾಗಿ ಹಿಡಿಯುತ್ತವೆ. ಪಿನ್ನು ಕಿತ್ತ ಮೇಲೆ ಮತ್ತೆ ಹಿಗ್ಗಿ ತೂತನ್ನು ಬಹುಮಟ್ಟಿಗೆ ಮುಚ್ಚುತ್ತವೆ.

● ಹೊದಿಕೆಗೆ ಹತ್ತಿ ಬಟ್ಟೆಯೇ ವಾಸಿ. ರೇಷ್ಮೆಯಲ್ಲಿ ಪಿನ್ನಿನ ತೂತು ಎದ್ದು ಕಾಣುತ್ತದೆ. ಬಟ್ಟೆ ಯಾವುದೆಂಬ ಅನುಮಾನವಿದ್ದರೆ ಒಂದು ಎಳೆ ಕಿತ್ತು ಸುಟ್ಟು ನೋಡಿ: ಹತ್ತಿ ಕಾಗದದ ವಾಸನೆ ಬೀರಿ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ.

● ಹೊಸ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯದೆ ಬಣ್ಣ ಹಚ್ಚಬಾರದು. ಗಂಜಿ ಉಳಿದ ಕಡೆ ಬಣ್ಣ ಸರಿಯಾಗಿ ಹತ್ತದು.

● ಪೇಂಟ್ ಬಟ್ಟೆಯ ಮೇಲೆ ಪದರವಾಗಿ ಕೂರುತ್ತದೆ, ಡೈ ಎಳೆಯೊಳಕ್ಕೆ ಇಳಿಯುತ್ತದೆ. ಹಾಗಾಗಿ ಡೈ ಹಚ್ಚಿದ ಬಟ್ಟೆ ಮೆತ್ತಗೇ ಇರುತ್ತದೆ, ಪಿನ್ನೂ ಸಲೀಸಾಗಿ ಹೋಗುತ್ತದೆ.

● 1956ರಲ್ಲಿ ಬ್ರಿಟನ್ನಿನ ಐಸಿಐ ಕಂಪನಿ ಮಾರುಕಟ್ಟೆಗೆ ತಂದ ‘ಪ್ರೋಸಿಯಾನ್’ ರಿಯಾಕ್ಟಿವ್ ಡೈಗಳು ಹತ್ತಿಯ ಎಳೆಯೊಂದಿಗೆ ರಾಸಾಯನಿಕವಾಗಿಯೇ ಬೆಸೆದುಕೊಳ್ಳುತ್ತವೆ. ಅದಕ್ಕೆ ಬೇಕಾದದ್ದು ಅಂಗಡಿಯಲ್ಲಿ ಸಿಗುವ ವಾಷಿಂಗ್ ಸೋಡಾ. ಸೋಡಾ ಬೆರೆಸಿದ ಬಣ್ಣವನ್ನು ಅಂದೇ ಬಳಸಿ. ನಿಂತಷ್ಟೂ ಅದು ನೀರಿನ ಜೊತೆಗೇ ಬೆಸೆದುಕೊಂಡು ಶಕ್ತಿ ಕಳೆದುಕೊಳ್ಳುತ್ತದೆ.

● ಡೈ ಪುಡಿ ಶ್ವಾಸಕ್ಕೆ ಹೋದರೆ ಅಲರ್ಜಿ ಬರಬಹುದು. ಮಾಸ್ಕ್ ಹಾಕಿಯೇ ಕಲಸಿ. ಆ ಪಾತ್ರೆ ಮತ್ತೆ ಅಡುಗೆಗೆ ಬೇಡ.

● ಬಣ್ಣ ಗೆರೆ ದಾಟಿ ಹರಡದಂತೆ ತಡೆಯುವ ಸೋಡಿಯಂ ಆಲ್ಜಿನೇಟ್ ಬರುವುದು ಕಂದು ಕಡಲಪಾಚಿಯಿಂದ. ಆಂಧ್ರದ ಶ್ರೀಕಾಳಹಸ್ತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬಿಡಿಸುವ ಕಲಂಕಾರಿ ಕಲಾವಿದರು ಇದೇ ಕೆಲಸಕ್ಕೆ ಹಾಲು ಬಳಸುತ್ತಾರೆ: ಅಳಲೆಕಾಯಿ ಮತ್ತು ಹಾಲು ಬೆರೆತ ನೀರಿನಲ್ಲಿ ಬಟ್ಟೆ ಅದ್ದಿ ಒಣಗಿಸಿದರೆ, ಹಾಲಿನ ಕೊಬ್ಬು ಬಣ್ಣವನ್ನು ಹರಿಯಗೊಡುವುದಿಲ್ಲ.

● ಕಲಂಕಾರಿ ಕಲಾವಿದರ ಕಪ್ಪು ಬಣ್ಣ ತುಕ್ಕು ಹಿಡಿದ ಕಬ್ಬಿಣ, ಬೆಲ್ಲ, ನೀರು ಸೇರಿ ವಾರಗಟ್ಟಲೆ ಹುಳಿತು ಆದದ್ದು. ಚೂಪಾದ ಬಿದಿರು ಕಡ್ಡಿಗೆ ಉಣ್ಣೆ ಸುತ್ತಿ ಅದ್ದುತ್ತಾರೆ. ಬೆರಳಿನಿಂದ ಉಣ್ಣೆಯನ್ನು ಒತ್ತಿದಷ್ಟು ಬಣ್ಣ ತುದಿಗೆ ಇಳಿಯುತ್ತದೆ. ಅಳಲೆಯ ಒಗರು ತಾಗಿದೊಡನೆ ಗೆರೆ ಕಪ್ಪಾಗುತ್ತದೆ.

● ನಶಿಸುತ್ತಿದ್ದ ಕಲಂಕಾರಿ ಕಲೆಗೆ ಸ್ವಾತಂತ್ರ್ಯಾನಂತರ ಮರುಜೀವ ಕೊಟ್ಟವರಲ್ಲಿ ಪ್ರಮುಖರು 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. ಕನ್ನಡ ನಾಡು ಹೆಮ್ಮೆಯಿಂದ ನೆನೆಯಬೇಕಾದ ಹೆಸರು.

● ಬಣ್ಣ ಹಸಿಯಿರುವಾಗಲೇ ಕಲ್ಲುಪ್ಪು ಉದುರಿಸಿ ನೋಡಿ. ಪ್ರತಿ ಹರಳೂ ಸುತ್ತಲಿನ ತೇವವನ್ನೂ ಬಣ್ಣವನ್ನೂ ಎಳೆದುಕೊಂಡು ನಕ್ಷತ್ರದಂಥ ಚಿತ್ತಾರ ಮೂಡಿಸುತ್ತದೆ.

● ರಿಯಾಕ್ಟಿವ್ ಡೈ ಹಚ್ಚಿದ ಬಟ್ಟೆಯನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ ಒಂದು ರಾತ್ರಿ ಬಿಡಬೇಕು. ಬಣ್ಣ ಬೆಸೆಯಲು ತೇವ ಬೇಕೇ ಬೇಕು. ಮರುದಿನ ನೀರು ತಿಳಿಯಾಗುವವರೆಗೆ ಜಾಲಾಡಿಸಿ, ಒಣಗಿಸಿ, ಇಸ್ತ್ರಿ ಮಾಡಿ.

● ಬಟ್ಟೆ ಬಿಗಿಯುವಾಗ ಮೂಲೆಯಿಂದ ಶುರು ಮಾಡಬೇಡಿ. ನಾಲ್ಕೂ ಬದಿಗಳ ನಡುವೆ ಒಂದೊಂದು ಸ್ಟೇಪಲ್ ಹೊಡೆದು, ಎದುರುಬದುರು ಎಳೆಯುತ್ತಾ ಮೂಲೆಗೆ ಬನ್ನಿ. ಹಾಗೆ ಮಾಡಿದರೆ ಸುಕ್ಕೂ ಬೀಳದು, ಚಿತ್ರವೂ ಸೊಟ್ಟಗಾಗದು.

● ಹಿಡಿಯಿರುವ ಪುಶ್‌ಪಿನ್ನನ್ನು 1900ರಲ್ಲಿ ರೂಪಿಸಿದವರು ಅಮೆರಿಕದ ಎಡ್ವಿನ್ ಮೂರ್.

● ಎಂಥ ಡೈಯೂ ನೇರ ಬಿಸಿಲಿಗೆ ವರ್ಷಗಟ್ಟಲೆ ಒಡ್ಡಿದರೆ ಮಾಸುತ್ತದೆ. ಕಿಟಕಿಯ ಎದುರಿನ ಗೋಡೆ ಬಿಟ್ಟು ನೆರಳಿನ ಗೋಡೆ ಆರಿಸಿ; ನಿಮ್ಮ ಕೈಯ ಚಿತ್ರ ಬಹುಕಾಲ ಬಾಳಲಿ.