ಅಳುವ ಮಗಳು, ಮೌನದ ಮಗ

‘ಅಳುವ ಗಂಡಸನ್ನು, ನಗುವ ಹೆಂಗಸನ್ನು ನಂಬಬಾರದು’ ಎಂಬ ಗಾದೆಯನ್ನು ಕೇಳುತ್ತ ಬೆಳೆದವರು ನಾವು. ಹ್ಯೂಸ್ಟನ್ ನಗರದ ನೈಋತ್ಯಕ್ಕಿರುವ ಮಿಸೌರಿ ಸಿಟಿಯಲ್ಲೋ ಅದರ ನೆರೆಯ ಶುಗರ್‌ಲ್ಯಾಂಡಿನಲ್ಲೋ ಮನೆ ಮಾಡಿಕೊಂಡ ಮೇಲೆ ಆ ಗಾದೆಯನ್ನು ಬಾಯಲ್ಲಿ ಆಡುವುದನ್ನು ಬಿಟ್ಟಿರಬಹುದು. ಮನಸ್ಸಿನಿಂದ ಅದು ಪೂರ್ತಿ ಇಳಿದಿಲ್ಲ. ಮಕ್ಕಳ ಫೋನಿನೊಳಕ್ಕೆ ಅವಮಾನವೋ ಬೆದರಿಕೆಯೋ ನುಗ್ಗಿದಾಗ ಅದು ಮತ್ತೆ ತಲೆಯೆತ್ತುತ್ತದೆ. ಮಗಳು ಅತ್ತರೆ ‘ಇಷ್ಟಕ್ಕೆಲ್ಲ ಅಳುವುದೇ’ ಎನ್ನುತ್ತೇವೆ. ಮಗ ಸುಮ್ಮನಿದ್ದರೆ ‘ಗಂಡು ಹುಡುಗ, ತಡೆದುಕೊಳ್ಳುತ್ತಾನೆ’ ಎಂದು ಸಮಾಧಾನಪಟ್ಟುಕೊಳ್ಳುತ್ತೇವೆ.

ಪ್ಯೂ ಸಂಶೋಧನಾ ಕೇಂದ್ರವು 2021ರ ಜನವರಿಯಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಅಂತರ್ಜಾಲದಲ್ಲಿ ಒಂದಲ್ಲ ಒಂದು ಬಗೆಯ ಕಿರುಕುಳಕ್ಕೆ ಒಳಗಾದ ಅಮೆರಿಕದ ವಯಸ್ಕರಲ್ಲಿ ಗಂಡಸರ ಪಾಲೇ ತುಸು ಹೆಚ್ಚು: ಗಂಡಸರಲ್ಲಿ ಶೇ 43, ಹೆಂಗಸರಲ್ಲಿ ಶೇ 38. ಆದರೆ ‘ತೀರ ಇತ್ತೀಚಿನ ಘಟನೆ ನಿಮ್ಮ ಮನಸ್ಸನ್ನು ಎಷ್ಟು ಕಲಕಿತು’ ಎಂದು ಕೇಳಿದಾಗ ಚಿತ್ರ ಬದಲಾಗುತ್ತದೆ. ಕಿರುಕುಳಕ್ಕೊಳಗಾದ ಹೆಂಗಸರಲ್ಲಿ ಶೇ 34 ಮಂದಿ ‘ತುಂಬ’ ಅಥವಾ ‘ವಿಪರೀತ’ ಎಂದರೆ, ಗಂಡಸರಲ್ಲಿ ಹಾಗೆಂದವರು ಶೇ 14 ಮಾತ್ರ.

ಇದನ್ನು ಓದಿ ಹೆಣ್ಣಿನ ಮನಸ್ಸು ಮೆದುವೆಂದು ತೀರ್ಮಾನಿಸುವುದು ಸುಲಭ, ಆದರೆ ಸರಿಯಲ್ಲ. ಅದೇ ಸಮೀಕ್ಷೆಯಲ್ಲಿ ಬೈಗುಳ ಮತ್ತು ಹೊಡೆಯುವ ಬೆದರಿಕೆಯನ್ನು ಹೆಚ್ಚಾಗಿ ಉಂಡವರು ಗಂಡಸರು. ಲೈಂಗಿಕ ಕಿರುಕುಳವನ್ನು ಉಂಡವರು ಹೆಂಗಸರು. 35 ವರ್ಷದೊಳಗಿನ ಹೆಂಗಸರಲ್ಲಿ ಶೇ 33 ಮಂದಿಗೆ ಅಂತರ್ಜಾಲದಲ್ಲಿ ಲೈಂಗಿಕ ಕಿರುಕುಳವಾಗಿದ್ದರೆ, ಅದೇ ವಯಸ್ಸಿನ ಗಂಡಸರಲ್ಲಿ ಅದು ಶೇ 11. ಏಟೇ ಬೇರೆಯಾಗಿರುವಾಗ ನೋವು ಒಂದೇ ಆಗಿರಬೇಕೆಂದು ನಿರೀಕ್ಷಿಸುವುದು ಹೇಗೆ?

ನಮ್ಮ ಟೆಕ್ಸಾಸಿನದೇ ಒಂದು ಉದಾಹರಣೆ. 2023ರ ಅಕ್ಟೋಬರಿನಲ್ಲಿ, ಫೋರ್ಟ್‌ವರ್ತ್ ಸಮೀಪದ ಆಲೀಡೋ ಪಟ್ಟಣದಲ್ಲಿ ಸಹಪಾಠಿಯೊಬ್ಬ 14 ವರ್ಷದ ಬಾಲಕಿಯ ಮತ್ತು ಆಕೆಯ ಗೆಳತಿಯರ ಸಾಮಾನ್ಯ ಚಿತ್ರಗಳನ್ನು ಕೃತಕ ಬುದ್ಧಿಮತ್ತೆಯ ನೆರವಿನಿಂದ ನಗ್ನಚಿತ್ರಗಳಾಗಿ ತಿರುಚಿ ಹರಿಬಿಟ್ಟ. ಅವು ಜಾಲತಾಣದಿಂದ ಇಳಿಯಲು ಸುಮಾರು ಒಂಬತ್ತು ತಿಂಗಳು ಹಿಡಿಯಿತು. ಆ ಬಾಲಕಿ ಬಾಯಿಬಿಟ್ಟು ಹೇಳಿಕೊಂಡದ್ದರಿಂದಲೇ ಅದು ದೇಶದ ಪ್ರಶ್ನೆಯಾಯಿತು. 2025ರ ಮೇ 19ರಂದು ಸಹಿಯಾದ ‘ಟೇಕ್ ಇಟ್ ಡೌನ್’ ಕಾಯಿದೆಯ ಹಿಂದೆ ಆಕೆಯ ದನಿಯಿದೆ. ಒಪ್ಪಿಗೆಯಿಲ್ಲದೆ ಹರಡಿದ ಇಂಥ ಚಿತ್ರಗಳನ್ನು, ಮನವಿ ಬಂದ 48 ಗಂಟೆಗಳೊಳಗೆ ತೆಗೆದುಹಾಕುವ ವ್ಯವಸ್ಥೆಯನ್ನು ಜಾಲತಾಣಗಳು ಒಂದು ವರ್ಷದಲ್ಲಿ ಮಾಡಿಕೊಳ್ಳಬೇಕೆಂದು ಅದು ವಿಧಿಸಿತು.

ಇನ್ನು ಗಂಡುಮಕ್ಕಳ ಮೌನ. 2021ರ ಅಕ್ಟೋಬರಿನಿಂದ 2023ರ ಮಾರ್ಚಿನವರೆಗೆ, ಅಪ್ರಾಪ್ತರಿಂದ ಖಾಸಗಿ ಚಿತ್ರ ಪಡೆದು ಹಣಕ್ಕಾಗಿ ಬೆದರಿಸಿದ 13,000ಕ್ಕೂ ಹೆಚ್ಚು ದೂರುಗಳು ಎಫ್‌ಬಿಐ ಮತ್ತು ಒಳನಾಡು ಭದ್ರತಾ ತನಿಖಾ ವಿಭಾಗಕ್ಕೆ ಬಂದವು. ಬಲಿಯಾದ ಕನಿಷ್ಠ 12,600 ಮಕ್ಕಳಲ್ಲಿ ಹೆಚ್ಚಿನವರು ಹುಡುಗರು; ಕನಿಷ್ಠ 20 ಮಂದಿ ಪ್ರಾಣ ಕಳೆದುಕೊಂಡರು. ಬೆದರಿಸುವವರು ನೆಚ್ಚುವುದು ಹುಡುಗನ ನಾಚಿಕೆಯನ್ನು, ‘ಅಪ್ಪನಿಗೆ ಹೇಗೆ ಹೇಳಲಿ’ ಎಂಬ ಭಯವನ್ನು. ‘ನನಗೇನೂ ಆಗಿಲ್ಲ’ ಎಂಬ ಮಾತು ನೋವಿಲ್ಲದಿರುವುದಕ್ಕೆ ಸಾಕ್ಷಿಯಲ್ಲ. ಕೆಲವೊಮ್ಮೆ ಅದು ನೋವು ಹೊರಬರಲು ದಾರಿಯಿಲ್ಲದಿರುವುದರ ಗುರುತು.

2016ರ ಜನವರಿಯಲ್ಲಿ ಸ್ಯಾನ್ ಆಂಟೋನಿಯೋದ 16 ವರ್ಷದ ಡೇವಿಡ್ ಮೋಲಾಕ್ ಜಾಲತಾಣದ ನಿಂದನೆಗಳಿಂದ ನೊಂದು ಜೀವ ಕಳೆದುಕೊಂಡ. ಆತನ ಹೆಸರಿನ ‘ಡೇವಿಡ್ಸ್ ಲಾ’ 2017ರ ಸೆಪ್ಟೆಂಬರ್ 1ರಂದು ಟೆಕ್ಸಾಸಿನಲ್ಲಿ ಜಾರಿಗೆ ಬಂತು. ಅದರಂತೆ, ಫೋರ್ಟ್ ಬೆಂಡ್ ಸೇರಿದಂತೆ ಎಲ್ಲ ಸರ್ಕಾರಿ ಶಾಲಾ ಜಿಲ್ಲೆಗಳು ಕಿರುಕುಳದ ದೂರು ಬಂದ ಮೂರನೆಯ ಕೆಲಸದ ದಿನದೊಳಗೆ ನೊಂದ ಮಗುವಿನ ಪೋಷಕರಿಗೆ ತಿಳಿಸಬೇಕು. ವಿದ್ಯಾರ್ಥಿಗಳು ಹೆಸರು ಹೇಳದೆ ದೂರು ಕೊಡಲು ಅವಕಾಶವಿರಬೇಕು. ಶಾಲೆಯ ಆವರಣದ ಹೊರಗೆ ಕಳುಹಿಸಿದ ಸಂದೇಶವೂ ಮಗುವಿನ ಓದಿಗೆ ಅಡ್ಡಿಯಾದರೆ ಈ ಕಾಯಿದೆಯ ವ್ಯಾಪ್ತಿಗೆ ಬರುತ್ತದೆ. ಪೋಷಕರು ನ್ಯಾಯಾಲಯದಿಂದ ತಡೆಯಾಜ್ಞೆಯನ್ನೂ ಕೋರಬಹುದು.

ಆದರೆ ಕಾಯಿದೆಗೆ ಚಾಲನೆ ಸಿಗಬೇಕಾದರೆ ಮಗು ಮೊದಲು ಬಾಯಿಬಿಡಬೇಕು. ಹೇಳಿಕೊಂಡ ಮಗಳ ಕೈಯಿಂದ ಫೋನ್ ಕಿತ್ತುಕೊಂಡರೆ ಶಿಕ್ಷೆ ಅನುಭವಿಸುವವಳು ಅವಳೇ. ಮುಂದಿನ ಸಲ ಅವಳು ಹೇಳುವುದಿಲ್ಲ. ಮಗನನ್ನು ಯಾರೂ ಕೇಳದೇ ಹೋದರೆ ಅವನು ಮೊದಲ ಸಲವೂ ಹೇಳುವುದಿಲ್ಲ. ಊರಿನಲ್ಲಾದರೆ ಅಜ್ಜಿಯೋ ಸೋದರಮಾವನೋ ಮುಖ ನೋಡಿಯೇ ‘ಏನಾಯಿತೋ’ ಎಂದು ಕೇಳುತ್ತಿದ್ದರು. ಇಲ್ಲಿ ಆ ಕೆಲಸವೂ ತಂದೆತಾಯಿಯರ ಪಾಲಿಗೇ ಬಂದಿದೆ.

ವಿಷಯ ತಿಳಿದಾಗ ಸಂದೇಶಗಳನ್ನು ಅಳಿಸದೆ ಉಳಿಸಿಕೊಳ್ಳಿ, ಬೆದರಿಸುವವರಿಗೆ ಹಣ ಕೊಡಬೇಡಿ, ಶಾಲೆಗೂ ಪೊಲೀಸರಿಗೂ ತಿಳಿಸಿ. ಮಗು ಬದುಕಿನ ಬಗ್ಗೆಯೇ ನಿರಾಶೆಯ ಮಾತಾಡಿದರೆ 988ಕ್ಕೆ ಕರೆ ಮಾಡಿ. ಹಗಲೂ ರಾತ್ರಿಯೂ ಅಲ್ಲಿ ಯಾರಾದರೂ ಇರುತ್ತಾರೆ. ಇದೆಲ್ಲಕ್ಕಿಂತ ಮೊದಲು, ಮಗಳ ಅಳುವನ್ನು ನಂಬಿ; ಮಗನ ಮೌನವನ್ನು ಅಷ್ಟು ಸುಲಭವಾಗಿ ನಂಬಬೇಡಿ.