ಧರೆಯ ಲೆಕ್ಕಕ್ಕೆ ಡಿಜಿಟಲ್ ಮಾದರಿ

ರಸ್ತೆಗೋ ಕಟ್ಟಡಕ್ಕೋ ಗುಡ್ಡವನ್ನು ಕಡಿದಾಗ ಉಳಿಯುವ ಧರೆ ನಿಂತೀತೇ, ಜರಿದೀತೇ ಎಂಬುದನ್ನು ಎಂಜಿನಿಯರುಗಳು ಒಂದು ಅನುಪಾತದಿಂದ ನಿರ್ಣಯಿಸುತ್ತಾರೆ. ಮಣ್ಣಿನ ರಾಶಿಯನ್ನು ಹಿಡಿದಿಡುವ ಬಲವನ್ನು ಅದನ್ನು ಕೆಳಕ್ಕೆಳೆಯುವ ಬಲದಿಂದ ಭಾಗಿಸಿದಾಗ ದೊರೆಯುವ ಈ ಸಂಖ್ಯೆಗೆ ಸುರಕ್ಷತಾ ಗುಣಾಂಕವೆಂದು ಹೆಸರು; ಅದು 1ಕ್ಕೆ ಇಳಿದರೆ ಧರೆ ಕುಸಿತದ ಅಂಚಿನಲ್ಲಿದೆಯೆಂದು ಅರ್ಥ, ಶಾಶ್ವತ ಇಳಿಜಾರುಗಳಿಗೆ ಸಾಮಾನ್ಯವಾಗಿ 1.5ರ ಆಸುಪಾಸಿನ ಗುಣಾಂಕವನ್ನು ಬಯಸುತ್ತಾರೆ. 1916ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ಬಂದರಿನ ಕಟ್ಟೆ ಜರಿದ ಮೇಲೆ ಅಲ್ಲಿನ ಎಂಜಿನಿಯರುಗಳು ಜಾರುಮೈಯನ್ನು ವೃತ್ತದ ಕಂಸವೆಂದು ಭಾವಿಸಿ, ಅದರ ಮೇಲಿನ ಮಣ್ಣನ್ನು ನಿಲುವು ಹೋಳುಗಳಾಗಿ ವಿಂಗಡಿಸಿ ಲೆಕ್ಕ ಹಾಕುವ ಕ್ರಮವನ್ನು ಬೆಳೆಸಿದರು. ಇಂದಿನ ಅನೇಕ ತಂತ್ರಾಂಶಗಳು ನಡೆಸುವುದು ಇದೇ ಲೆಕ್ಕದ ಪರಿಷ್ಕೃತ ರೂಪಗಳನ್ನು.

ಹೊಸತಾಗಿರುವುದು ಲೆಕ್ಕಕ್ಕಿಂತ ಹೆಚ್ಚಾಗಿ ಅದಕ್ಕೆ ಮಾಹಿತಿ ಒದಗುವ ಬಗೆ. ‘ಬಿಮ್’ ಎಂದು ಕರೆಯಲಾಗುವ ಕಟ್ಟಡ ಮಾಹಿತಿ ಮಾದರಿಯಲ್ಲಿ ಗೋಡೆ, ಕಂಬ, ಅಡಿಪಾಯಗಳು ಬರಿಯ ಗೆರೆಗಳಾಗಿರದೆ ತಮ್ಮ ಅಳತೆ, ಸಾಮಗ್ರಿ, ಗುಣಗಳನ್ನು ಹೊತ್ತ ಮೂರು ಆಯಾಮದ ವಸ್ತುಗಳಾಗಿರುತ್ತವೆ. ಡ್ರೋನ್ ಸರ್ವೆಯಿಂದ ಪಡೆದ ನೆಲದ ಮೇಲ್ಮೈಯನ್ನೂ ಕೊರೆದು ನೋಡಿದ ರಂಧ್ರಗಳಿಂದ ತಿಳಿದ ಮಣ್ಣಿನ ಪದರಗಳನ್ನೂ ಇದೇ ಮಾದರಿಗೆ ಸೇರಿಸಿದರೆ, ಗುಡ್ಡವನ್ನು ಬೇಕಾದ ದಿಕ್ಕಿನಲ್ಲಿ ಸೀಳಿ ನೋಡಿ ಆ ಛೇದವನ್ನು ನೇರವಾಗಿ ವಿಶ್ಲೇಷಣೆಗೆ ಒಪ್ಪಿಸಬಹುದು. ಹಿಂದೆ ನಕ್ಷೆಯಿಂದ ಕೆಲವೇ ಛೇದಗಳನ್ನು ಕೈಯಾರೆ ಎತ್ತಿಕೊಳ್ಳಬೇಕಿತ್ತು. ಫಲಿತಾಂಶ ಬರುವಷ್ಟರಲ್ಲಿ ರಸ್ತೆಯ ಜಾಡೇ ಬದಲಾಗಿರುವುದೂ ಇತ್ತು.

ಕರ್ನಾಟಕದ ಕರಾವಳಿಯಲ್ಲಿ ಈ ಒಳಪದರಗಳಿಗೆ ವಿಶೇಷ ಮಹತ್ವವಿದೆ. ಅಲ್ಲಿ ಗಟ್ಟಿಯಾದ ಮುರಕಲ್ಲಿನ ಅಡಿಯಲ್ಲಿ ಹಲವೆಡೆ ಶೇಡಿ ಮಣ್ಣು ಇರುತ್ತದೆ; ಒಣಗಿದಾಗ ಬಿಗಿಯಾಗಿ ನಿಲ್ಲುವ ಈ ಮಣ್ಣು ನೀರು ಕುಡಿದೊಡನೆ ಬಲಗುಂದುತ್ತದೆ. ಮಳೆಗಾಲದಲ್ಲಿ ಕಣಗಳ ನಡುವಣ ನೀರಿನ ಒತ್ತಡ ಏರಿದಂತೆ ಕಣಗಳು ಒಂದನ್ನೊಂದು ಒತ್ತಿಹಿಡಿಯುವ ಶಕ್ತಿ ತಗ್ಗುವುದರಿಂದ, ಬೇಸಗೆಯ ಗುಣಾಂಕವನ್ನು ನಂಬಿ ಕಡಿದ ಧರೆ ಆಷಾಢದಲ್ಲಿ ಬೇರೆಯೇ ಧರೆಯಾಗಿರುತ್ತದೆ. 2024ರ ಜುಲೈ 16ರಂದು ಭಾರಿ ಮಳೆಯ ನಡುವೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಕುಸಿದು ಗಂಗಾವಳಿ ನದಿಯವರೆಗೆ ಹರಡಿ ಹಲವರ ಪ್ರಾಣ ತೆಗೆಯಿತು. ಇಂಥ ನೆಲದಲ್ಲಿ ಕಡಿತದ ಕೋನವೊಂದನ್ನೇ ತೋರಿಸಿ, ಮಳೆನೀರು ಇಳಿಯುವ ಹಾದಿಯನ್ನು ಬಿಟ್ಟ ಮಾದರಿ ಎಷ್ಟೇ ಅಂದವಾಗಿದ್ದರೂ ಅಪೂರ್ಣವೇ.

ಅಂದದಲ್ಲೇ ಒಂದು ಅಪಾಯವೂ ಇದೆ. ಕಾಂಕ್ರೀಟಿನ ಬಲ ಮನುಷ್ಯನೇ ನಿಗದಿಪಡಿಸಿದ್ದು. ಎರಡು ರಂಧ್ರಗಳ ನಡುವಿನ ಮಣ್ಣಿನ ಪದರವಾದರೋ ಕೇವಲ ಊಹೆ, ಆದರೆ ಪರದೆಯ ಮೇಲೆ ಎರಡೂ ಒಂದೇ ಬಗೆಯ ನುಣುಪಾದ ಬಣ್ಣದಲ್ಲಿ ಕಾಣುತ್ತವೆ. ಆದ್ದರಿಂದ ಅಳೆದದ್ದು ಯಾವುದು, ಊಹಿಸಿದ್ದು ಯಾವುದು ಎಂಬುದನ್ನು ಪ್ರತಿ ಪದರದ ಜೊತೆಗೇ ದಾಖಲಿಸುವುದೂ, ಕಡಿತ ಮುಂದುವರಿದಂತೆ ಬಯಲಾದ ಮಣ್ಣನ್ನೂ ಅಂತರ್ಜಲದ ಮಟ್ಟವನ್ನೂ ಮತ್ತೆ ಮಾದರಿಗೆ ತುಂಬಿ ಗುಣಾಂಕವನ್ನು ಹೊಸದಾಗಿ ಲೆಕ್ಕ ಹಾಕುವುದೂ ವಿನ್ಯಾಸದಷ್ಟೇ ಮುಖ್ಯವಾದ ಕೆಲಸಗಳು.